ಮೂಗಿನ ವಿಮರ್ಶೆ

ಹಾಡು ಕೇಳುವುದು ಕಿವಿಯ ಕೆಲಸ ಎಂದೇ ನಾನು ಬಹಳ ಕಾಲ ನಂಬಿಕೊಂಡಿದ್ದೆ. ಜನಪದದ ಎಳೆ ಹಿಡಿದು ಗಿಟಾರು ನುಡಿಸುವವರ ಬಗ್ಗೆ ನಮ್ಮವರು ಆಡುವ ಮಾತು ಕೇಳಿದ ಮೇಲೆ, ಅದು ಮೂಗಿನ ಕೆಲಸ ಎಂದು ಗೊತ್ತಾಯಿತು. ‘ಮಣ್ಣಿನ ವಾಸನೆ ಇದೆ’ ಎಂದರೆ ಹಾಡು ಪಾಸು. ‘ಮಣ್ಣಿನ ವಾಸನೆ ಹೊರಟುಹೋಗಿದೆ’ ಎಂದರೆ ಫೇಲು. ರಾಗ ಎಲ್ಲಿ ತಿರುಗಿತು, ಪದ ಎಲ್ಲಿ ಮುರಿಯಿತು, ತಾಳವು ಮಾತಿಗೆ ಜಾಗ ಬಿಟ್ಟುಕೊಟ್ಟಿತೋ ಇಲ್ಲವೋ, ಇದನ್ನೆಲ್ಲ ಯಾರೂ ಕೇಳುವುದಿಲ್ಲ. ಮೂಸಿ ನೋಡಿ ತೀರ್ಪು ಕೊಟ್ಟು ಎದ್ದು ಹೋಗುತ್ತಾರೆ.

ಈ ತೀರ್ಪು ಬೀಳುವುದು ಹೆಚ್ಚಾಗಿ ಗಾಯಕನ ಎರಡನೆಯ ಆಲ್ಬಂ ಮೇಲೆ. ಮೊದಲನೆಯದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿ ಮುಗಿಸಿರುತ್ತಾರೆ. ಎರಡನೆಯದು ಬರುವಷ್ಟರಲ್ಲಿ ಮೂಗು ಚುರುಕಾಗಿರುತ್ತದೆ.

ರಘು ದೀಕ್ಷಿತ್ ಅವರನ್ನೇ ತೆಗೆದುಕೊಳ್ಳಿ. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, ಮೈಕ್ರೋಬಯಾಲಜಿ ಓದಿ, ಆಮೇಲೆ ಗಿಟಾರು ಹಿಡಿದ ಮನುಷ್ಯ. ‘ಅಂತರಾಗ್ನಿ’ ಎಂಬ ತಂಡ ಕಟ್ಟಿಕೊಂಡು ವರ್ಷಗಟ್ಟಲೆ ಹಾಡಿದ ಮೇಲೆ, 2008ರಲ್ಲಿ ಹಿಂದಿ ಸಿನಿಮಾದ ವಿಶಾಲ್-ಶೇಖರ್ ಜೋಡಿ ತಮ್ಮದೇ ಲೇಬಲ್ಲಿನಿಂದ ಅವರ ಮೊದಲ ಆಲ್ಬಂ ಹೊರತಂದಿತು. ಶಿಶುನಾಳ ಶರೀಫರ ಸೋರುವ ಮಾಳಿಗೆಯ ಪದ, ಗುಡುಗುಡಿಯ ಪದ, ಪಕ್ಕದಲ್ಲೇ ಹಿಂದಿ, ಇಂಗ್ಲಿಷ್ ಹಾಡುಗಳು. 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮದಲ್ಲಿ ಹಾಡಿದರು. ನಡುವೆ ಸಿನಿಮಾಗಳಿಗೂ ಸಂಗೀತ ಕೊಟ್ಟರು. ಐದು ವರ್ಷ ಕಳೆದು 2013ರಲ್ಲಿ ಬಂದದ್ದು ಎರಡನೆಯ ಆಲ್ಬಂ, ‘ಜಗ್ ಚಂಗಾ’. ಅದರಲ್ಲೂ ಶರೀಫರಿದ್ದಾರೆ, ‘ಲೋಕದ ಕಾಳಜಿ’ಯ ಮೂಲಕ. ಹಿಂದಿಯೂ ಇದೆ, ಇಂಗ್ಲಿಷೂ ಇದೆ.

ಬಂದ ದಿನದಿಂದ ಇಂದಿನವರೆಗೂ ಅದರ ಬಗ್ಗೆ ನನ್ನ ಕಿವಿಗೆ ಬಿದ್ದ ಮಾತು ಒಂದೇ ನಮೂನೆಯದು. ‘ಮೊದಲಿನದರಲ್ಲಿ ಹಸಿತನ ಇತ್ತು ಸಾರ್. ಇದರಲ್ಲಿ ಪಾಲಿಶ್ ಜಾಸ್ತಿಯಾಗಿದೆ. ಫಾರಿನ್ನವರಿಗೆ ಮಾಡಿದ ಹಾಗಿದೆ.’ ಕೋಲಾರದ ಸಾಹಿತ್ಯ ಸಭೆ ಮುಗಿದ ಮೇಲಿನ ಕಾಫಿಯಲ್ಲಿ, ಬೆಂಗಳೂರಿನ ಟ್ರೈನಿನಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇದನ್ನೇ ಕೇಳಿದ್ದೇನೆ. ಹೇಳಿದವರಲ್ಲಿ ಅರ್ಧ ಜನಕ್ಕೆ ಎರಡನೆಯ ಆಲ್ಬಮ್ಮಿನ ನಾಲ್ಕು ಹಾಡಿನ ಹೆಸರು ಹೇಳಿ ಎಂದರೆ ಬರುವುದಿಲ್ಲ. ಮೊದಲನೆಯದರ ನಾಲ್ಕೂ ಬರುವುದಿಲ್ಲ, ಆ ಮಾತು ಬೇರೆ.

ಮೊದಲ ಆಲ್ಬಮ್ಮಿನ ಹಸಿತನ ಎಂದರೆ ಯಾವುದು? ಅದೂ ಸ್ಟುಡಿಯೊದಲ್ಲೇ ಆದದ್ದು. ಅಲ್ಲೂ ಗಿಟಾರು, ಪಿಟೀಲು, ಡ್ರಮ್ಮು ಎಲ್ಲ ಇದ್ದವು. ಶಿಗ್ಗಾವಿ ಸೀಮೆಯ ಶರೀಫರ ಮಾತನ್ನು ಅಲ್ಲೂ ಮೈಸೂರಿನ ನಾಲಿಗೆಯೇ ಹೇಳಿದ್ದು. ಹಾಗಿರುವಾಗ ಮಣ್ಣು ಮೊದಲನೆಯದಕ್ಕೆ ಎಲ್ಲಿಂದ ಹತ್ತಿತು, ಎರಡನೆಯದರಿಂದ ಎಲ್ಲಿಗೆ ಉದುರಿತು? ನನ್ನನ್ನು ಕೇಳಿದರೆ, ಹಸಿಯಾಗಿದ್ದದ್ದು ನಮ್ಮ ಕಿವಿ. ಶರೀಫರ ಪದ ಡ್ರಮ್ಮಿನ ಜೊತೆ ಬಂದದ್ದನ್ನು ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿತ್ತು. ಎರಡನೆಯ ಸಲ ಜುಮ್ಮೆನ್ನಲಿಲ್ಲ. ಆ ಕೊರತೆಯನ್ನು ಗಾಯಕನ ಲೆಕ್ಕಕ್ಕೆ ಬರೆದು ಕೈ ತೊಳೆದುಕೊಂಡೆವು.

ಮಣ್ಣಿನ ಮಾತು ಬಂದದ್ದರಿಂದ ಮಾಲೂರಿನ ವಿಷಯ ಹೇಳಬೇಕು. ಹಂಚು, ಇಟ್ಟಿಗೆಗೆ ಹೆಸರಾದ ಊರು ಅದು. ಬೆಂಗಳೂರಿನ ಎಷ್ಟೋ ಗೋಡೆಗಳೊಳಗೆ ಮಾಲೂರಿನ ಕಡೆಯ ಮಣ್ಣು ಕೂತಿದೆ. ಅಲ್ಲಿ ಒಂದು ಇಟ್ಟಿಗೆ ಗೂಡಿನ ಪಕ್ಕ ಅರ್ಧ ದಿನ ನಿಂತಿದ್ದೆ. ಮಣ್ಣಿನಲ್ಲೇ ಬದುಕುವ ಆ ಜನ ಒಬ್ಬರೂ ಮಣ್ಣನ್ನು ಮೂಸಿದ್ದು ಕಾಣಲಿಲ್ಲ. ಹೊಸ ಲೋಡು ಬಂದು ಬಿದ್ದಾಗ ಒಬ್ಬಾಕೆ ಒಂದು ಹಿಡಿ ತೆಗೆದು ನೀರು ಚಿಮುಕಿಸಿ ಉಂಡೆ ಕಟ್ಟಿ, ಹೆಬ್ಬೆರಳಲ್ಲಿ ಒತ್ತಿದಳು. ಅಂಚು ಬಿರುಕು ಬಿಟ್ಟರೆ ಮರಳು ಜಾಸ್ತಿ. ಬೆರಳಿಗೆ ಅಂಟಿಕೊಂಡು ಬಂದರೆ ಜೇಡಿ ಜಾಸ್ತಿ, ಒಣಗುವಾಗ ಸೀಳುತ್ತದೆ. ಸುಟ್ಟ ಗೂಡು ಬಿಚ್ಚಿದ ಮೇಲೆ ಮೇಸ್ತ್ರಿ ಎರಡು ಇಟ್ಟಿಗೆ ಎತ್ತಿ ಒಂದಕ್ಕೊಂದು ಬಡಿದು ತಲೆ ಓರೆ ಮಾಡಿ ಕೇಳಿದ. ‘ಟಣ್’ ಎಂದರೆ ಬೆಂದಿದೆ. ‘ದಬ್’ ಎಂದರೆ ಒಳಗೆ ಹಸಿ ಉಳಿದಿದೆ, ಒಂದು ಮಳೆಗಾಲ ತಡೆಯುವುದಿಲ್ಲ. ಹಸಿ ಎನ್ನುವುದು ಆ ಜನರ ಬಾಯಲ್ಲಿ ಬೈಗುಳ. ನಮ್ಮ ವಿಮರ್ಶೆಯಲ್ಲಿ ಅದು ಬಿರುದು.

ಮಣ್ಣಿನ ಶುದ್ಧ ವಾಸನೆ ಹುಡುಕಿಕೊಂಡು ಕೋಲಾರಕ್ಕೆ ಬರುವವರಿಗೆ ಇನ್ನೊಂದು ಸಂಗತಿ ತಿಳಿದಿರಲಿ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. 2018ರಿಂದ ನಮ್ಮ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು. ರಾಜಧಾನಿಯವರು ಒಂದು ಸಲ ಬಳಸಿ, ಆಮೇಲೆ ಶುದ್ಧೀಕರಿಸಿ ಏರಿಸಿ ಕಳಿಸಿದ್ದು. ಅದರ ಗುಣದ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಏನೇ ಇರಲಿ, ನೀರಿಗೇ ಇಲ್ಲದ ಮಡಿಯನ್ನು ಹಾಡಿನಲ್ಲಿ ಹುಡುಕಬೇಡಿ.

ಮೂಗಿನ ವಿಮರ್ಶೆಯ ಜೊತೆಗೇ ಹುಟ್ಟಿದ ಇನ್ನೊಂದು ಮಾತಿದೆ: ‘ಮೂಲ ಧಾಟಿ ಕೆಡಿಸಿದ.’ ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಶರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡದ್ದು 1889ರಲ್ಲಿ. ಅವರ ಪದಗಳನ್ನು ಅವರ ಬಾಯಲ್ಲಿ ಹಿಡಿದಿಟ್ಟ ಯಂತ್ರವಿಲ್ಲ. ಸ್ವರ ಹಾಕಿ ಬರೆದಿಟ್ಟ ಹಾಳೆಯೂ ಇಲ್ಲ. ಏಕತಾರಿ, ತಾಳ, ದಮ್ಮಡಿ ಹಿಡಿದ ಭಜನೆ ಮೇಳಗಳು ಊರಿಂದೂರಿಗೆ ಹಾಡುತ್ತ ಬಂದವು, ಊರಿಂದೂರಿಗೆ ಧಾಟಿ ಬದಲಾಗುತ್ತ ಬಂತು. ನಮ್ಮ ಮೈಸೂರು ಸೀಮೆಯವರ ಕಿವಿಗೆ ಶರೀಫರು ಬಿದ್ದದ್ದು ಹೇಗೆ? ಸಿ. ಅಶ್ವತ್ಥ್ ಅವರ ಕ್ಯಾಸೆಟ್ಟಿನಿಂದ, ಆಮೇಲೆ 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾದಿಂದ. ಆ ಸಿನಿಮಾಕ್ಕೂ ಸಂಗೀತ ಅಶ್ವತ್ಥರದೇ. ‘ಮೂಲ ಧಾಟಿ’ ಎಂದು ಹಟ ಹಿಡಿಯುವ ನನ್ನ ಗೆಳೆಯರಿಗೆ ಒಂದು ಸಾಲು ಗುನುಗಿ ಎಂದು ಕೇಳಿದ್ದೇನೆ. ಪ್ರತಿ ಸಲವೂ ಅವರ ಗಂಟಲಿನಿಂದ ಹೊರಗೆ ಬಂದದ್ದು ಅಶ್ವತ್ಥರ ಧಾಟಿ. ಅಶ್ವತ್ಥರು ಹುಟ್ಟಿದ್ದು 1939ರಲ್ಲಿ, ಶರೀಫರು ಹೋಗಿ ಐವತ್ತು ವರ್ಷವಾದ ಮೇಲೆ.

ಅಶ್ವತ್ಥರನ್ನು ಸಣ್ಣವರನ್ನಾಗಿ ಮಾಡಲು ಇದನ್ನು ಹೇಳುತ್ತಿಲ್ಲ. ಅವರ ದೊಡ್ಡತನವೇ ಇದು. ಒಬ್ಬ ಮನುಷ್ಯ ಕೂತು ಕಟ್ಟಿದ ರಾಗ ಅನಾದಿಯಿಂದ ಇತ್ತೇನೋ ಎನ್ನುವಷ್ಟು ಗಟ್ಟಿಯಾಗಿ ನಿಂತುಬಿಟ್ಟಿದೆ. ಆದರೆ ಅದನ್ನೇ ಮೂಲ ಎಂದು ಹಿಡಿದು ಮುಂದಿನವನ ತಲೆಗೆ ಕುಟ್ಟಿದರೆ ಅಶ್ವತ್ಥರಿಗೂ ಮರ್ಯಾದೆಯಾಗುವುದಿಲ್ಲ, ಅವರು ಮಾಡಿದ ಕೆಲಸ ಯಾವುದೆಂದೇ ಮರೆತಂತಾಗುತ್ತದೆ. ತಮಾಷೆಯೆಂದರೆ ಈ ವಿಷಯದಲ್ಲಿ ನಮಗಿಂತ ಕಾನೂನಿಗೆ ಬುದ್ಧಿ ಜಾಸ್ತಿ. ನಮ್ಮ ದೇಶದ ಹಕ್ಕುಸ್ವಾಮ್ಯ ಕರ್ತೃ ತೀರಿಕೊಂಡ ಮೇಲೆ ಅರವತ್ತು ವರ್ಷ ಇರುತ್ತದೆ. ಆ ಲೆಕ್ಕದಲ್ಲಿ ಶರೀಫರ ಪದ ಯಾವಾಗಲೋ ಊರೆಲ್ಲರದ್ದಾಗಿದೆ. 2009ರಲ್ಲಿ ತೀರಿಕೊಂಡ ಅಶ್ವತ್ಥರ ಧಾಟಿಗೆ 2069ರ ತನಕ ವಾರಸುದಾರರಿದ್ದಾರೆ. ನಾವು ‘ಮೂಲ’ ಎನ್ನುವ ವಸ್ತುವಿಗೆ ಇನ್ನೂ ಅರವತ್ತು ತುಂಬಿಲ್ಲ.

ಈಗ ಮುಳಬಾಗಿಲಿಗೆ ಬನ್ನಿ. ದೋಸೆಗಲ್ಲ. ಊರ ಹೊರಗಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. 15ನೆಯ ಶತಮಾನದ ಯತಿಗಳು, ವ್ಯಾಸರಾಯರ ಗುರುಗಳು, ‘ರಂಗವಿಠಲ’ ಅಂಕಿತದಲ್ಲಿ ಕನ್ನಡ ಪದಗಳನ್ನು ಕಟ್ಟಿದವರು. ಹರಿದಾಸರ ಹಾಡಿನ ಹೊಳೆಗೆ ಉಗಮ ಇಲ್ಲೇ ಎಂದು ಹೇಳುತ್ತಾರೆ. ಮಠದ ಪೂಜೆಯಲ್ಲಿ ಸಂಸ್ಕೃತದ ಪಕ್ಕ ಕನ್ನಡದ ಪದ ಹಾಡಿಸಿದ್ದಕ್ಕೆ ಪಂಡಿತರು ಮುಖ ಕಿವುಚಿದರೆಂದು ಸಂಪ್ರದಾಯದ ಕಥೆಗಳಲ್ಲಿ ಬರುತ್ತದೆ. ಕಥೆಯ ವಿವರ ಎಷ್ಟು ನಿಜವೋ, ಕಿವುಚಿದ ಮುಖ ಮಾತ್ರ ನನಗೆ ಬಹಳ ಪರಿಚಯದ್ದು ಅನ್ನಿಸುತ್ತದೆ. ಅಂದು ಆ ಮೂಗಿಗೆ ಕನ್ನಡವೇ ಮಣ್ಣಿನ ವಾಸನೆ ಹೊಡೆಯುತ್ತಿತ್ತು, ಗರ್ಭಗುಡಿಯ ಹತ್ತಿರಕ್ಕೆ ಬರಬಾರದು ಎನ್ನುವಷ್ಟು. ಇಂದು ಅದೇ ಪದಗಳನ್ನು ಸಿಂಥಸೈಜರ್ ಜೊತೆ ಹಾಡಿದರೆ ಅದೇ ಮೂಗು ಮಣ್ಣು ಸಾಲದು ಎನ್ನುತ್ತದೆ. ಮಧ್ಯೆ ಐನೂರು ವರ್ಷ ಕಳೆದಿದೆ. ಮೂಗಿನ ವಿಳಾಸ ಬದಲಾಗಿಲ್ಲ.

ಅಲ್ಲಿಂದ ವಾಯವ್ಯಕ್ಕೆ ಕೈವಾರ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ತನಕ ಅದೂ ಕೋಲಾರದ್ದೇ. ಬಳೆ ಮಾರುತ್ತಿದ್ದ ನಾರಣಪ್ಪ ಕೈವಾರ ತಾತಯ್ಯನಾಗಿ ತೆಲುಗಿನಲ್ಲೂ ಕನ್ನಡದಲ್ಲೂ ಕೀರ್ತನೆ ಕಟ್ಟಿದ ಊರು. ಗುರುಪೂರ್ಣಿಮೆಗೆ ಅಲ್ಲಿ ಎಪ್ಪತ್ತೆರಡು ಗಂಟೆ ಬಿಡುವಿಲ್ಲದೆ ಸಂಗೀತ ನಡೆಯುತ್ತದೆ. ಶ್ರೀನಿವಾಸಪುರ, ಚಿಂತಾಮಣಿ, ಆಂಧ್ರದ ಕಡೆಯ ಭಜನೆ ತಂಡಗಳು ಲಾರಿ, ಟೆಂಪೊ ಮಾಡಿಕೊಂಡು ಬರುತ್ತವೆ. ಒಂದು ತಂಡ ಹಾರ್ಮೋನಿಯಂ ತಂದರೆ ಇನ್ನೊಂದು ಕ್ಯಾಷಿಯೊ ತರುತ್ತದೆ, ಮತ್ತೊಂದರದ್ದು ರಿದಂ ಪ್ಯಾಡು. ತಾತಯ್ಯನ ಪದಕ್ಕೆ ಯಾವುದು ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ ಎಂದು ಅಲ್ಲಿಯೂ ಜಗಳವಾಗುತ್ತದೆ, ಜೋರಾಗಿಯೇ ಆಗುತ್ತದೆ. ಆದರೆ ಅದು ಶ್ರುತಿಯ ಜಗಳ, ತಾಳದ ಜಗಳ, ‘ನೀನು ಚರಣ ನುಂಗಿದೆ’ ಎನ್ನುವ ಜಗಳ. ಬೆಳಗಿನ ಜಾವ ಮೂರು ಗಂಟೆಗೆ ಎದ್ದು ನಿಂತು ‘ಇದರಲ್ಲಿ ಮಣ್ಣಿನ ವಾಸನೆ ಇಲ್ಲ’ ಎಂದವನನ್ನು ನಾನಂತೂ ಅಲ್ಲಿ ಕಂಡಿಲ್ಲ.

ಈ ಮೂಗು ಎಳೆಯರಿಗೆ ಏನು ಮಾಡುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ಕಂಡೆ. ನಮ್ಮ ಸೀಮೆಯ ಒಂದು ಶಾಲಾ ಸ್ಪರ್ಧೆ, ಜನಪದ ಗೀತೆ ವಿಭಾಗ. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ಹೆಣ್ಣುಮಕ್ಕಳೆಲ್ಲ ಇಳಕಲ್ ಸೀರೆ ಉಟ್ಟು, ಗಂಡುಹುಡುಗರು ಕಂಬಳಿ ಹೊದ್ದು, ರುಮಾಲು ಸುತ್ತಿ ಬಂದಿದ್ದರು. ಇಳಕಲ್ ಸೀರೆ ಉಟ್ಟ ಅಜ್ಜಿ ನಮ್ಮ ತಾಲ್ಲೂಕಿನಲ್ಲಿ ಒಬ್ಬಳೂ ಸಿಗುವುದಿಲ್ಲ. ಹಾಡಿನ ಮಾತೂ ಧಾರವಾಡದ ಮಾತು, ಯೂಟ್ಯೂಬಿನಿಂದ ಕಲಿತದ್ದು. ಮಾವಿನ ತೋಪಿನಲ್ಲಿ ಹುಟ್ಟಿ ಬೆಳೆದ ಮಕ್ಕಳು ಬಿಳಿಜೋಳದ ರೊಟ್ಟಿಯ ಮೇಲೆ ಹಾಡುತ್ತಿದ್ದರು. ಒಬ್ಬ ಹುಡುಗಿ ಮಾತ್ರ ಯೂನಿಫಾರ್ಮಿನಲ್ಲೇ ಬಂದು ಅವರಜ್ಜಿಯಿಂದ ಕಲಿತ ಒಂದು ನಾಟಿ ಹಾಡು ಹೇಳಿದಳು. ಪಲ್ಲವಿ ತೆಲುಗು, ಚರಣ ಕನ್ನಡ, ನಡುವೆ ಒಂದು ಕೂಗು ಎರಡೂ ಅಲ್ಲ. ಗದ್ದೆಯಲ್ಲಿ ಬಗ್ಗಿದವರು ಸೊಂಟ ಎತ್ತುವ ಹೊತ್ತಿಗೆ ಸರಿಯಾಗಿ ಆ ಕೂಗು ಬೀಳುತ್ತಿತ್ತು. ಪಕ್ಕದ ತೀರ್ಪುಗಾರರು ನನ್ನ ಕಡೆ ಬಾಗಿ, ‘ಶುದ್ಧ ಜನಪದ ಅಲ್ಲ ಇದು, ಮಿಕ್ಸ್ ಆಗಿದೆ’ ಎಂದರು. ಹತ್ತಕ್ಕೆ ಮೂರು. ನಾನು ಒಂಬತ್ತು ಹಾಕಿದೆ. ಮೂರನೆಯವರು ಇಬ್ಬರ ನಡುವೆ ಯಾಕೆ ಎಂದು ನಾಲ್ಕು ಹಾಕಿದರು. ಇಳಕಲ್ ಸೀರೆಗೆ ಮೊದಲ ಬಹುಮಾನ ಬಂತು. ಆಮೇಲೆ ಹೋಗಿ ಆ ಹುಡುಗಿಯ ಜೊತೆ ಎರಡು ಮಾತಾಡಬೇಕಿತ್ತು. ಆಡಲಿಲ್ಲ. ಅದು ಇಂದಿಗೂ ಚುಚ್ಚುತ್ತದೆ.

ಜನಪದ ಎಂದರೆ ಹೆಸರಿಲ್ಲದವರ ಹಾಡು ಎಂದು ನಮಗೆ ಪಾಠ ಹೇಳಿಕೊಟ್ಟಿದ್ದಾರೆ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ತಂದ ಕಾಲದಿಂದ ನಡೆದ ಸಂಗ್ರಹದ ಕೆಲಸಕ್ಕೆ ನಾವು ಎಷ್ಟು ಕೈಮುಗಿದರೂ ಸಾಲದು. ಆದರೆ ಆ ಗೌರವದ ಜೊತೆಗೇ ಒಂದು ರೂಪಕವೂ ನಮ್ಮ ತಲೆಯಲ್ಲಿ ಬೇರು ಬಿಟ್ಟಿತು: ಜನರ ಹಾಡು ಬೇರು, ಕವಿಯ ಹಾಡು ಹೂವು. ಕೇಳಲು ಚೆಂದ. ಬೇರಿನ ಪಾಡು ಏನೆಂದು ಯೋಚಿಸಿದರೆ ಚೆಂದ ಕಡಿಮೆಯಾಗುತ್ತದೆ. ಬೇರು ನೆಲದೊಳಗೇ ಇರಬೇಕು, ಬಿಸಿಲಿಗೆ ಬರಬಾರದು, ಅದಕ್ಕೆ ಹೆಸರಿರಬಾರದು. ಬೇರು ತಲೆ ಎತ್ತಿ ‘ಇದು ನಾನು ಕಟ್ಟಿದ ಹಾಡು, ಇದು ನನ್ನ ಎರಡನೆಯ ಆಲ್ಬಂ’ ಎಂದರೆ ತೋಟಗಾರನಿಗೆ ಸಿಟ್ಟು ಬರುತ್ತದೆ.

ಆ ಸಿಟ್ಟನ್ನು ಕೋಲಾರ ಕಂಡಷ್ಟು ಬೇರೆ ಜಿಲ್ಲೆ ಕಂಡಿರಲಿಕ್ಕಿಲ್ಲ. ಎಪ್ಪತ್ತರ ದಶಕದ ನಡುವಿನಿಂದ ದಲಿತ ಸಂಘರ್ಷ ಸಮಿತಿ ಇಲ್ಲಿ ಊರೂರಿಗೆ ಹೋದದ್ದು ಭಾಷಣ ಹೊತ್ತುಕೊಂಡು ಮಾತ್ರವಲ್ಲ, ಹಾಡು ಹೊತ್ತುಕೊಂಡು. ಕೋಟಿಗಾನಹಳ್ಳಿ ರಾಮಯ್ಯನವರಂಥವರು ಬರೆದರು, ಪಿಚ್ಚಳ್ಳಿ ಶ್ರೀನಿವಾಸ್ ಅವರಂಥವರು ಹಾಡಿದರು. ಮೈಕಿಲ್ಲದ ಕಡೆ ತಮಟೆಯೇ ಮೈಕು. ಆ ಹಾಡುಗಳ ಧಾಟಿ ಎಲ್ಲಿಂದ ಬಂತು? ಕೋಲಾಟದಿಂದ, ಚೆಕ್ಕಭಜನೆಯಿಂದ, ಗದ್ದರ್ ಅವರಂಥವರ ತೆಲುಗು ಹಾಡಿನಿಂದ, ಅಷ್ಟಿಷ್ಟು ಸಿನಿಮಾದಿಂದಲೂ. ಊರ ಮುಂದಿನ ಕಟ್ಟೆಗೆ ಯಾರನ್ನು ಹತ್ತಿಸುತ್ತಿರಲಿಲ್ಲವೋ ಅವರ ಹಾಡು ಆ ಕಟ್ಟೆಯ ಮುಂದೆಯೇ ಕೇಳಿಸಿತು. ಸತ್ತ ದನ ಎಳೆಯುವಾಗ, ಸಾವು ಸಾರುವಾಗ ಬಡಿಸುತ್ತಿದ್ದ ವಾದ್ಯ ಆ ತಮಟೆ. ಅದನ್ನೇ ಎದೆಗೆ ಕಟ್ಟಿಕೊಂಡು ನಿಂತು, ಯಾರದೋ ಕೂಗಿಗೆ ಕಾಯದೆ, ತಮ್ಮ ಮಾತಿಗೆ ತಾವೇ ಬಡಿದುಕೊಂಡರು.

ಆಗ ವಿಮರ್ಶೆ ಏನೆಂದಿತು? ‘ಇದು ಘೋಷಣೆ, ಕಲೆಯಲ್ಲ.’ ಮಣ್ಣು ಸಾಲದು ಎನ್ನುವಂತಿರಲಿಲ್ಲ, ಯಾಕೆಂದರೆ ಮೈತುಂಬ ಮಣ್ಣಿತ್ತು. ಆದ್ದರಿಂದ ಮಣ್ಣು ಜಾಸ್ತಿಯಾಯಿತು ಎಂದರು. ಸಿದ್ಧಲಿಂಗಯ್ಯನವರ 1975ರ ‘ಹೊಲೆಮಾದಿಗರ ಹಾಡು’ ಬಂದಾಗ ಬರೀ ಆಕ್ರೋಶ ಎಂಬ ಮಾತು. ಮುಂದೆ ಅವರ ದನಿ ತಗ್ಗಿ ಕಾಡು, ನದಿ, ಪ್ರೀತಿ ಬಂದಾಗ ಕಿಚ್ಚು ಆರಿಹೋಯಿತು ಎಂಬ ಮಾತು. ತೂಗುವ ತಟ್ಟೆ ಯಾವ ಕಡೆ ವಾಲಿದರೂ ನಷ್ಟ ಹಾಡುವವನಿಗೇ. ದಲಿತ ಕೇರಿಯಿಂದ ಬಂದವನಿಗೆ ಮಣ್ಣು ಜಾಸ್ತಿ, ಮೈಸೂರಿನ ಅಗ್ರಹಾರದ ಕಡೆಯಿಂದ ಬಂದವನಿಗೆ ಮಣ್ಣು ಕಡಿಮೆ. ನಡುವೆ ಸರಿಯಾದ ಅಳತೆಯ ಮಣ್ಣು ಯಾರ ಬಳಿ ಇದೆ ಎಂದರೆ, ತೂಗುವವನ ಅಂಗಳದಲ್ಲಿ, ಹೂಕುಂಡದೊಳಗೆ.

ಈ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದೇನೆಂದು ತಪ್ಪು ತಿಳಿಯಬೇಡಿ. ಇಬ್ಬರಿಗೂ ಆದ ಅನ್ಯಾಯ ಒಂದೇ ತೂಕದ್ದಲ್ಲ. ರಘು ದೀಕ್ಷಿತರಿಗೆ ವೇದಿಕೆ ಸಿಕ್ಕಿದೆ, ದುಡ್ಡು ಸಿಕ್ಕಿದೆ, ಲಂಡನ್ ಸಿಕ್ಕಿದೆ. ನಮ್ಮ ಸೀಮೆಯ ತಮಟೆಗೆ ಮನ್ನಣೆ ಸಿಗಲು ಎಷ್ಟು ಕಾಲ ಹಿಡಿಯಿತು ನೋಡಿ: ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದದ್ದು 2023ರಲ್ಲಿ, ಜೀವಮಾನವಿಡೀ ಬಡಿದ ಮೇಲೆ. ನಾನು ಹೇಳುತ್ತಿರುವುದು ಅಳತೆಗೋಲಿನ ವಿಷಯ. ಒಂದೇ ಕೋಲು ಒಬ್ಬರಿಗೆ ಉದ್ದವಾಯಿತು, ಇನ್ನೊಬ್ಬರಿಗೆ ಗಿಡ್ಡವಾಯಿತು ಎಂದರೆ ಕೋಲಿನಲ್ಲಿ ದೋಷವಿದೆ.

ನನ್ನ ಎದುರಾಳಿಗಳ ಬಳಿ ಒಂದು ಗಟ್ಟಿ ಮಾತಿದೆ, ಅದಕ್ಕೆ ಉತ್ತರ ಹೇಳದೆ ಹೋಗಬಾರದು. ‘ಜನರ ಪದ ತೆಗೆದುಕೊಂಡು ಇವರು ಮಾರ್ಕೆಟ್ ಮಾಡಿದರಲ್ಲ? ಲುಂಗಿ ಸುತ್ತಿ, ಗೆಜ್ಜೆ ಕಟ್ಟಿ ಕುಣಿದದ್ದು ವೇಷವಲ್ಲದೆ ಮತ್ತೇನು?’ ವೇಷದ ವಿಷಯ ಒಪ್ಪಿಬಿಡುತ್ತೇನೆ. ಆ ಲುಂಗಿ, ಆ ಗೆಜ್ಜೆ ಮೂಗಿನವರಿಗಾಗಿಯೇ ಹಚ್ಚಿದ ಊದುಬತ್ತಿ. ರಘು ದೀಕ್ಷಿತರೂ ಮಣ್ಣಿನ ವಾಸನೆಯನ್ನು ಮಾರಿದ್ದಾರೆ. ಹಾಗಾಗಿ ಅದೇ ವಾಸನೆ ಎರಡನೆಯ ಸಲ ಅವರ ಮೇಲೆ ತಿರುಗಿಬಿದ್ದಾಗ ನನಗೆ ಅಯ್ಯೋ ಪಾಪ ಅನ್ನಿಸುವುದಿಲ್ಲ. ಆದರೆ ದುಡ್ಡಿನ ಪ್ರಶ್ನೆಯೇ ಬೇರೆ, ಅದನ್ನು ಕೇಳಬೇಕಾದ ಜಾಗವೂ ಬೇರೆ. ಶರೀಫರ ಪದವನ್ನು ಒಂದೂವರೆ ಶತಮಾನ ಬಾಯಲ್ಲಿಟ್ಟು ಕಾಪಾಡಿದ ಭಜನೆ ಮೇಳಗಳಿಗೆ ಆಲ್ಬಮ್ಮಿನಿಂದ ಪೈಸೆ ಬರುವುದಿಲ್ಲ. ಕ್ಯಾಸೆಟ್ಟಿನ ಕಾಲದಲ್ಲೂ ಬರಲಿಲ್ಲ, ಈಗಲೂ ಇಲ್ಲ. ಕಾನೂನು ಕರ್ತೃವನ್ನು ಕೇಳುತ್ತದೆ, ಧ್ವನಿಮುದ್ರಣದ ಒಡೆಯನನ್ನು ಕೇಳುತ್ತದೆ, ಕಾಪಾಡಿದವನನ್ನು ಕೇಳುವುದಿಲ್ಲ. ಇದು ನಿಜವಾದ ದೂರು. ‘ಹಸಿತನ ಹೋಯಿತು’ ಎಂಬ ಗೊಣಗಾಟ ಈ ದೂರಿನ ಜಾಗದಲ್ಲಿ ಕೂತು, ಇದನ್ನೇ ಮರೆಮಾಡಿದೆ. ಹಸಿಯಾಗಿ ಹಾಡಿದ್ದರೆ ಮೇಳದವರಿಗೆ ಪಾಲು ಹೋಗುತ್ತಿತ್ತೇ?

ಮೂಗಿನ ವಿಷಯದಲ್ಲಿ ಬೇರೆ ದೇಶದವರು ನಮಗಿಂತ ಮೇಲೇನಲ್ಲ. 1965ರ ಜುಲೈಯಲ್ಲಿ ನ್ಯೂಪೋರ್ಟಿನ ಜನಪದ ಹಬ್ಬದಲ್ಲಿ ಬಾಬ್ ಡೈಲನ್ ಎಲೆಕ್ಟ್ರಿಕ್ ಗಿಟಾರು ಹಿಡಿದು ಬಂದಾಗ ಜನ ಕೂಗಾಡಿದ ಕಥೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಅದಕ್ಕೂ ಹಿಂದಿನದು. 1962ರ ಅವರ ಮೊದಲ ಆಲ್ಬಮ್ಮಿನಲ್ಲಿ ಸ್ವಂತ ಹಾಡು ಎರಡೇ, ಮಿಕ್ಕದ್ದೆಲ್ಲ ಹಳೆಯವರ ಪದ. ಮರುವರ್ಷ ಬಂದ ಎರಡನೆಯದರಲ್ಲಿ ಹದಿಮೂರಕ್ಕೆ ಹನ್ನೊಂದು ಅವರದೇ. ಮೊದಲನೆಯದರ ಹಸಿತನಕ್ಕೆ ಜೋತುಬಿದ್ದು ಅಲ್ಲೇ ನಿಂತಿದ್ದರೆ ಆ ಎರಡನೆಯದು ಬರುತ್ತಲೇ ಇರಲಿಲ್ಲ.

‘ಜಗ್ ಚಂಗಾ’ ಅಷ್ಟು ದೊಡ್ಡ ಆಲ್ಬಂ ಎಂದು ನಾನೇನೂ ವಾದಿಸುವುದಿಲ್ಲ. ಅದರಲ್ಲಿ ದೋಷಗಳಿವೆ, ಅವುಗಳ ಬಗ್ಗೆ ಗಂಟೆಗಟ್ಟಲೆ ಜಗಳವಾಡಲು ನಾನು ತಯಾರು. ಆದರೆ ಜಗಳಕ್ಕೆ ಬರುವವರು ಕಿವಿ ತರಬೇಕು. ಅಂಥ ಕಿವಿ ನನಗೆ ಸಿಕ್ಕಿದ್ದು ಒಂದೇ ಸಲ, ಶ್ರೀನಿವಾಸಪುರದ ಹತ್ತಿರದ ಒಂದು ಹಳ್ಳಿಯಲ್ಲಿ, ಧನುರ್ಮಾಸದ ಒಂದು ಬೆಳಗಿನ ಜಾವ.

ಭಜನೆ ಮುಗಿದಿತ್ತು. ಪೊಂಗಲ್ ದೊನ್ನೆ ಕೈಯಲ್ಲಿ ಇನ್ನೂ ಬಿಸಿಯಾಗಿತ್ತು, ಚಳಿಗೆ ಎಲ್ಲರೂ ದೇವಸ್ಥಾನದ ಜಗಲಿಗೆ ಅಂಟಿಕೊಂಡು ಕೂತಿದ್ದರು. ಭಜನೆ ಹಿಡಿಯುವ ತಾತನಿಗೆ ಎಪ್ಪತ್ತೈದರ ಮೇಲೆ. ಬದುಕಿಡೀ ಮಾವಿನ ತೋಪು ಕಾದವರು, ಧಾರವಾಡ ನೋಡಿದವರಲ್ಲ. ಕೈವಾರ ತಾತಯ್ಯನ ಪದ ನೂರು ಹೇಳಿದರೂ ಚೀಟಿ ನೋಡುವುದಿಲ್ಲ. ನಾನು ಮೊಬೈಲಿನಲ್ಲಿ ‘ಲೋಕದ ಕಾಳಜಿ’ ಹಾಕಿ ಅವರ ಪಕ್ಕ ಇಟ್ಟೆ. ತಾತ ಕಿವಿ ಕೊಟ್ಟರು. ಲೋಕದ ಚಿಂತೆಯನ್ನೆಲ್ಲ ತಲೆಯ ಮೇಲೆ ಹೊತ್ತವನನ್ನು ಶರೀಫರು ಗೇಲಿ ಮಾಡುವುದು ಬಂದಾಗ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು.

‘ಯಾರ್ ಪದ ಮೇಷ್ಟ್ರೇ?’

‘ಶರೀಫ ಸಾಹೇಬ್ರದು ತಾತ. ಆ ಕಡೆ ಶಿಗ್ಗಾವಿ ಹತ್ರದವರು.’

‘ಗಟ್ಟಿ ಆಸಾಮಿ. ಆಡೋನ್ ಯಾರು?’

‘ಮೈಸೂರಿನವರು.’

‘ಗಂಟ್ಲು ಚೆನ್ನಾಗೈತೆ. ಪದ ನುಂಗಲ್ಲ, ಬುಡ್ಸಿ ಯೋಳ್ತಾನೆ.’ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಆದ್ರೆ ಒಂದ್ ಮಾತು. ಗೇಲಿ ಪದ ಅಲ್ವಾ ಇದು? ಗೇಲಿ ಮಾಡ್ದೋನು ಒಂದ್ ಗಳಿಗೆ ನಿಲ್ಬೇಕು, ಎದ್ರಿಗಿರೋನ್ ಮುಖ ಎಂಗಾಯ್ತು ಅಂತ ನೋಡಕ್ಕೆ. ಇವ್ನು ನೋಡ್ದೇನೆ ಓಡ್ತಾವ್ನೆ.’

ನಾನು ಎಷ್ಟು ಜನರ ಬಾಯಲ್ಲಿ ಆ ಆಲ್ಬಮ್ಮಿನ ಬಗ್ಗೆ ಕೇಳಿದ್ದೆನೋ, ಅವರಾರೂ ಇಷ್ಟನ್ನು ಹೇಳಿರಲಿಲ್ಲ.

‘ಇನ್ನೊಂದ್ ಕಿತ ಆಕಿ’ ಎಂದು ತಾತ ಮಡಿಲಲ್ಲಿದ್ದ ಚೆಕ್ಕೆಗಳನ್ನು ಬೆರಳಿಗೆ ಏರಿಸಿಕೊಂಡರು. ಹಾಕಿದೆ. ಮೊದಲ ಸಾಲಿನಿಂದಲೇ ತಾಳ ಹಿಡಿದು ಜೊತೆಗೆ ಹೋದರು, ಒಂದಿಷ್ಟೂ ತಪ್ಪಲಿಲ್ಲ. ಗೇಲಿಯ ಸಾಲು ಬಂತು. ತಾತ ಕೈ ಮೇಲೆತ್ತಿ ಹಾಗೇ ಹಿಡಿದು, ನನ್ನ ಮುಖ ನೋಡುತ್ತ ನಿಂತರು. ಆ ಖಾಲಿಯಲ್ಲಿ ಮೊಬೈಲಿನ ಹಾಡು ದಡದಡನೆ ಮುಂದಕ್ಕೆ ಓಡಿಹೋಯಿತು. ‘ಕಂಡ್ರಾ?’ ಎಂದು ಹುಬ್ಬು ಹಾರಿಸಿದರು. ಮತ್ತೆ ಚೆಕ್ಕೆ ಬಡಿಯುತ್ತ, ಹಾಡನ್ನು ಎರಡೇ ಹೆಜ್ಜೆಯಲ್ಲಿ ಹಿಡಿದುಬಿಟ್ಟರು.